ಶಾಲೆಯ ಆರಂಭದ ಶಿಲ್ಕು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದೊಳಗೆ ಹರಿಹರದಿಂದ ಮಲೇಬೆನ್ನೂರಿಗೆ ಬರುವ ರಸ್ತೆಯ ಎರಡೂ ಬದಿಗೆ ಹೊಸ ಬ್ಯಾನರುಗಳು ಏಳುತ್ತವೆ. ಒಂದೊಂದರಲ್ಲೂ ಹತ್ತಿಪ್ಪತ್ತು ಮಕ್ಕಳ ಫೋಟೊ, ಒಬ್ಬೊಬ್ಬರ ಕೆಳಗೂ 625ಕ್ಕೆ ಎಷ್ಟು ಬಂತೆಂಬ ಅಂಕ, ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ‘ಶೇಕಡ 100 ಫಲಿತಾಂಶ’. ಕೊಕ್ಕನೂರಿನ ಆಂಜನೇಯನ ಗುಡಿ ಕಟ್ಟೆಯ ಮೇಲೆ ಸಂಜೆ ಕೂರುವ ನಾವು ನಾಲ್ಕೈದು ಜನ ಮುದುಕರು ಭತ್ತದ ರೇಟು, ಭದ್ರಾ ನಾಲೆಯ ನೀರು ಎರಡನ್ನೂ ಬಿಟ್ಟು ಆಗ ಶಾಲೆಯ ಮಾತಿಗೆ ಇಳಿಯುತ್ತೇವೆ. ಯಾವ ಶಾಲೆ ಚಲೋ? ಯಾರನ್ನು ಕೇಳಿದರೂ ಉತ್ತರ ಒಂದೇ: ಬ್ಯಾನರ್ ದೊಡ್ಡದಿರುವ ಶಾಲೆ.

ಈ ವರ್ಷ ಆ ಪ್ರಶ್ನೆ ನಮ್ಮ ಮನೆಗೇ ಬಂತು. ಮೊಮ್ಮಗಳು ಏಳನೇ ತರಗತಿ ಮುಗಿಸಿದಳು. ಎಂಟನೆಯದಕ್ಕೆ ಎಲ್ಲಿಗೆ? ಮಗನಿಗೆ ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಯ ಮೇಲೆ ಮನಸ್ಸು. ಸೊಸೆ ಓದಿದ್ದು ಅನುದಾನಿತ ಪ್ರೌಢಶಾಲೆಯಲ್ಲಿ, ಅಂಥದೇ ಒಂದು ಶಾಲೆ ನಮಗೆ ಹತ್ತಿರದಲ್ಲೂ ಇದೆ. ಅವಳ ಮನಸ್ಸು ಅಲ್ಲಿ. ಮೂರು ದಿನ ಮನೆಯಲ್ಲಿ ಊಟದ ಹೊತ್ತಿಗೆ ಇದೇ ಜಗ್ಗಾಟ. ನಾಲ್ಕನೇ ದಿನ ಸೊಸೆ ನನ್ನ ಕಡೆ ತಿರುಗಿ, “ಮಾವ, ಬ್ಯಾಂಕಿನಾಗೆ ಅಷ್ಟು ವರ್ಷ ಲೆಕ್ಕ ನೋಡೀರಿ. ಎರಡೂ ಸ್ಕೂಲು ನೀವೇ ನೋಡ್ಕೊಂಡು ಬರ್ರಿ” ಅಂದಳು. ಮಗನೂ ಹೂಂ ಅಂದ.

ಮಕ್ಕಳೇ, ಅನುದಾನಿತ ಶಾಲೆ ಎಂದರೇನು ಗೊತ್ತೇ? ಸರ್ಕಾರಿ ಶಾಲೆಯಲ್ಲಿ ಕಟ್ಟಡವೂ ಸರ್ಕಾರದ್ದು, ಮೇಷ್ಟ್ರೂ ಸರ್ಕಾರದವರು. ಪೂರಾ ಖಾಸಗಿ ಶಾಲೆಯಲ್ಲಿ ಎರಡೂ ಆಡಳಿತ ಮಂಡಳಿಯದು, ಖರ್ಚು ನಿಮ್ಮ ಅಪ್ಪ ಅಮ್ಮ ಕಟ್ಟುವ ಶುಲ್ಕದಿಂದ. ಇವೆರಡರ ನಡುವಿನದು ಅನುದಾನಿತ ಶಾಲೆ. ನಡೆಸುವವರು ಒಂದು ಮಠವೋ ಸಂಘವೋ, ಮಂಜೂರಾದ ಶಿಕ್ಷಕರ ಸಂಬಳ ಸರ್ಕಾರದ್ದು. ನಮ್ಮ ಸೀಮೆಯಲ್ಲಿ ಹಳ್ಳಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೈಸ್ಕೂಲಿನ ಮುಖ ಕಂಡದ್ದು ಬಹುಪಾಲು ಇಂಥ ಶಾಲೆಗಳಿಂದಲೇ. ಸಿರಿಗೆರೆಯ ತರಳಬಾಳು ಮಠದವರು ಹಳ್ಳಿಹಳ್ಳಿಗೆ ಪ್ರೌಢಶಾಲೆ ತೆರೆಯದಿದ್ದರೆ ನನ್ನ ಓರಗೆಯವರಲ್ಲಿ ಎಷ್ಟು ಜನ ಹತ್ತನೇ ತರಗತಿ ದಾಟುತ್ತಿದ್ದರೋ.

ಅಮೆರಿಕದಲ್ಲೂ ಇಂಥದೊಂದು ನಡುವಿನ ಜಾತಿ ಇದೆ, ಚಾರ್ಟರ್ ಶಾಲೆ ಎನ್ನುತ್ತಾರೆ. ಮಿನ್ನೆಸೋಟ ರಾಜ್ಯ 1991ರಲ್ಲಿ ಮೊದಲು ಅದಕ್ಕೆ ಕಾನೂನು ಮಾಡಿತು. ಹಣ ಸರ್ಕಾರದ್ದು, ನಡೆಸುವುದು ಬೇರೆಯವರು, ನಡುವೆ ಒಂದು ಕರಾರು ಪತ್ರ. ಇಷ್ಟು ವರ್ಷದಲ್ಲಿ ಮಕ್ಕಳಿಗೆ ಇಷ್ಟು ಕಲಿಸುತ್ತೇವೆ ಎಂದು ಬರೆದುಕೊಡಬೇಕು. ಮಾತು ತಪ್ಪಿದರೆ ಕರಾರು ರದ್ದು, ಶಾಲೆಗೆ ಬೀಗ. ಸಾಲದ ಕಾಗದಗಳ ನಡುವೆ ಕೂತು ಬೆಳೆದ ನನಗೆ ಈ ಏರ್ಪಾಡು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ತೊಡಕು ಇರುವುದೂ ಅಲ್ಲೇ. ಇಷ್ಟು ಕಲಿಸಿದ್ದೇವೆ ಎಂದು ಅಳೆದು ತೋರಿಸುವುದು ಹೇಗೆ? ಅಲ್ಲಿಯವರೂ ಇದರ ಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಜಗಳ ಆಡುತ್ತಲೇ ಇದ್ದಾರೆ.

ನಮ್ಮ ಬ್ಯಾನರಿಗೆ ಬರೋಣ. ಮಕ್ಕಳೇ, ಒಂದು ಪೆನ್ಸಿಲ್ ತಗೊಳ್ಳಿ. ಲೆಕ್ಕಕ್ಕಾಗಿ ಎರಡು ಶಾಲೆ ಇಟ್ಟುಕೊಳ್ಳೋಣ, ಎರಡಕ್ಕೂ ಎಂಟನೇ ತರಗತಿಗೆ 60 ಮಕ್ಕಳು ಸೇರಿದರು ಎನ್ನೋಣ. ಮೊದಲ ಶಾಲೆಯಿಂದ ಮೂರನೇ ವರ್ಷದ ಕೊನೆಗೆ ಹತ್ತನೆಯ ಪರೀಕ್ಷೆಗೆ ಕೂತವರು 44, ಪಾಸಾದವರೂ 44. ಶೇಕಡ 100. ಬ್ಯಾನರ್ ಏರಿತು. ಎರಡನೆಯ ಶಾಲೆಯಿಂದ ಕೂತವರು 57, ಪಾಸಾದವರು 48. ಶೇಕಡ 84 ಚಿಲ್ಲರೆ. ಬ್ಯಾನರ್ ಇಲ್ಲ. ಈಗ ಸೇರಿದವರ ಲೆಕ್ಕ ಹಿಡಿದು ಭಾಗಿಸಿ. ಮೊದಲ ಶಾಲೆಯಲ್ಲಿ 60ಕ್ಕೆ 44, ಅಂದರೆ ಶೇಕಡ 73. ಎರಡನೆಯದರಲ್ಲಿ 60ಕ್ಕೆ 48, ಶೇಕಡ 80. ಯಾವುದು ಹೆಚ್ಚು?

ಆ ಮೊದಲ ಶಾಲೆಯ 16 ಮಕ್ಕಳು ಎಲ್ಲಿ ಹೋದರು? ಕೆಲವರ ಅಪ್ಪನಿಗೆ ವರ್ಗವಾಗಿರಬಹುದು, ಅದು ಸಹಜ. ಕೆಲವರಿಗೆ ಒಂಬತ್ತರಲ್ಲಿ “ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ, ಟೀಸಿ ತಗೊಂಡು ಹೋಗಿ” ಎಂದಿರಬಹುದು. ಕೆಲವರನ್ನು ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಲು ಕಳಿಸಿರಬಹುದು. ಪಾಸಾದವರ ಫೋಟೊ ಬ್ಯಾನರಿನ ಮೇಲೆ ಬರುತ್ತದೆ, ಟೀಸಿ ಹಿಡಿದು ಹೋದವನ ಫೋಟೊ ಎಲ್ಲಿಯೂ ಬರುವುದಿಲ್ಲ.

ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. 2023ರಲ್ಲಿ ಇಡೀ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ಅದು ಶೇಕಡ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಏರಿಸಿ ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿ ಅಷ್ಟು ಕುಗ್ಗಿತೇ? ಕಾಳು ಅದೇ ಇತ್ತು, ಅಳೆಯುವ ಸೇರು ಬದಲಾಗಿತ್ತು.

ಹಾಗಾದರೆ ನೋಡಬೇಕಾದ್ದು ಏನು? ನಾನು ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ. ದಾವಣಗೆರೆಯ ಚೌಕಿಪೇಟೆಯಲ್ಲಿ ಶಾಖೆ ತೆರೆದರೆ ವ್ಯಾಪಾರಿಗಳು ತಾವೇ ಬಂದು ಠೇವಣಿ ಇಡುತ್ತಾರೆ. ಮ್ಯಾನೇಜರು ಕಾಲಮೇಲೆ ಕಾಲು ಹಾಕಿ ಕೂತರೂ ವರ್ಷದ ಕೊನೆಗೆ ಅಂಕಿ ದೊಡ್ಡದೇ. ನಾಲೆ ಕೊನೆಯ ಹಳ್ಳಿಯ ಶಾಖೆಯಲ್ಲಿ ಮನೆಮನೆ ತಿರುಗಿ ಹತ್ತು ಹತ್ತು ರೂಪಾಯಿಯ ಖಾತೆ ತೆರೆಸಬೇಕು. ಎರಡೂ ಶಾಖೆಯ ಅಂತಿಮ ಶಿಲ್ಕನ್ನು ಅಕ್ಕಪಕ್ಕ ಇಟ್ಟು ಯಾರು ಚೆನ್ನಾಗಿ ಕೆಲಸ ಮಾಡಿದರು ಎಂದು ಹೇಳಲಾದೀತೇ? ಲೆಕ್ಕ ಬಲ್ಲವನು ಮೊದಲು ಕೇಳುವುದು ಆರಂಭದ ಶಿಲ್ಕು ಎಷ್ಟಿತ್ತು ಎಂದು. ಶಾಲೆಗೂ ಹಾಗೇ. ಮನೆಯಲ್ಲಿ ಪುಸ್ತಕ, ಟ್ಯೂಷನ್, ಓದಿದ ಅಪ್ಪ ಅಮ್ಮ ಇರುವ ಮಗು 80 ಅಂಕದೊಂದಿಗೆ ಒಳಗೆ ಹೋಗಿ 85ರೊಂದಿಗೆ ಹೊರಗೆ ಬಂತು. ಕೂಲಿಯವರ ಮಗು 25ರೊಂದಿಗೆ ಹೋಗಿ 60 ತಗೊಂಡು ಬಂತು. ಹೆಚ್ಚು ಕಲಿಸಿದ ಶಾಲೆ ಯಾವುದು?

ಈ ಮಾತನ್ನು ಕಟ್ಟೆಯ ಮೇಲೆ ಹೇಳಿದಾಗ ಒಬ್ಬ ಗೆಳೆಯರು, “ಅದೆಲ್ಲ ಸರಿ ಮಾರಾಯ, ಆರಂಭದ ಶಿಲ್ಕನ್ನ ಶಾಲೆಯವರು ಎಲ್ಲಿ ಬರ್ದಿಟ್ಟಿರ್ತಾರೆ?” ಎಂದು ನಕ್ಕರು. ಬರೆದಿಟ್ಟಿರುತ್ತಾರೆ. ಅದಕ್ಕೆ ಸೇತುಬಂಧ ಎಂದು ಹೆಸರು. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಹಿಂದಿನ ತರಗತಿಯ ಪಾಠ ಎಷ್ಟು ಬಂದಿದೆ ಎಂದು ಒಂದು ಪರೀಕ್ಷೆ ಮಾಡಿ, ಬರದಿದ್ದನ್ನು ಕೆಲವು ವಾರ ಕಲಿಸಿ, ಮತ್ತೊಂದು ಪರೀಕ್ಷೆ ಮಾಡಿ ಎರಡನ್ನೂ ದಾಖಲೆ ಮಾಡುವ ಕ್ರಮ ನಮ್ಮ ರಾಜ್ಯದಲ್ಲಿ ಹಿಂದಿನಿಂದ ಇದೆ. ಕೆಲವರು ಅದನ್ನು ಕಾಟಾಚಾರಕ್ಕೆ ಮಾಡುತ್ತಾರೆ, ಕೆಲವರು ಮನಸ್ಸಿಟ್ಟು ಮಾಡುತ್ತಾರೆ. ಯಾರು ಹೇಗೆ ಎಂಬುದು ಆ ಪುಸ್ತಕ ತೆರೆದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಎಲ್ಲ ಮಕ್ಕಳಿಗೂ ಒಂದೇ ಶಾಯಿಯಲ್ಲಿ, ಒಂದೇ ದಿನ, ಒಂದೇ ಉಸಿರಿನಲ್ಲಿ ಬರೆದ ಅಂಕಗಳು ಬ್ಯಾಂಕಿನವನ ಕಣ್ಣಿಗೆ ತಕ್ಷಣ ಬೀಳುತ್ತವೆ.

ಪಟ್ಟಣದ ಶಾಲೆಯ ವಿಷಯ ಬೇಗ ಮುಗಿಸುತ್ತೇನೆ, ಅಲ್ಲಿ ನನಗೆ ನೋಡಲು ಸಿಕ್ಕಿದ್ದೇ ಕಡಿಮೆ. ಮುಂದಿನ ಕೋಣೆ ಹೋಟೆಲಿನ ಹಾಗೆ ತಂಪಾಗಿತ್ತು. ಶುಲ್ಕ, ವ್ಯಾನು, ಸಮವಸ್ತ್ರ, ಪುಸ್ತಕ ಎಲ್ಲ ಕೂಡಿಸಿ ಕೊಟ್ಟ ಚೀಟಿ ನನ್ನ ಮೂರು ತಿಂಗಳ ಪಿಂಚಣಿಯ ಹತ್ತಿರ ಬಂತು. ತರಗತಿ ನೋಡಬಹುದೇ ಎಂದೆ, ಪದ್ಧತಿ ಇಲ್ಲ ಎಂದರು. ಎಂಟಕ್ಕೆ ಸೇರಿದ ಎಷ್ಟು ಮಕ್ಕಳು ಹತ್ತರ ಪರೀಕ್ಷೆಗೆ ಕೂತರು ಎಂದೆ, ಫಲಿತಾಂಶದ ಬಣ್ಣದ ಹಾಳೆ ಕೈಗಿತ್ತರು. ಮುಂದಿನ ಭಾನುವಾರ ಹುಡುಗಿಯನ್ನು ಪ್ರವೇಶ ಪರೀಕ್ಷೆಗೆ ಕರೆತನ್ನಿ ಎಂದೂ ಹೇಳಿದರು.

ಇದು ಅಜ್ಜ ಅಜ್ಜಿಯರಿಗೆ ಗೊತ್ತಿರಬೇಕಾದ ವಿಷಯ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ತರಗತಿಯವರೆಗೆ, ಅನ್ವಯಿಸುತ್ತದೆ. ಸೇರಿಸಿಕೊಳ್ಳುವಾಗ ಮಗುವಿಗೆ ಪರೀಕ್ಷೆ ಮಾಡಿ ಸೋಸುವುದು, ತಂದೆ ತಾಯಿಯ ಸಂದರ್ಶನ ಮಾಡಿ ಆರಿಸುವುದು ಎರಡನ್ನೂ ಅದರ 13ನೇ ಕಲಂ ನಿಷೇಧಿಸಿದೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೆ 50,000. ಹೀಗೆ ಸೋಸುವ ಶಾಲೆಯಲ್ಲಿ ಆರಂಭದ ಶಿಲ್ಕೇ ದೊಡ್ಡದು. ಅಂತಿಮ ಶಿಲ್ಕು ತೋರಿಸಿ ಬೀಗುವುದರಲ್ಲಿ ಏನು ದೊಡ್ಡತನ? ನಾನು ಆ ಕೋಣೆಯಲ್ಲಿ ಕಾನೂನು ಮಾತಾಡಲಿಲ್ಲ, ಮಜ್ಜಿಗೆ ಕೊಟ್ಟರು, ಕುಡಿದು ಬಂದೆ.

ಅನುದಾನಿತ ಶಾಲೆಗೆ ಹೋದಾಗ ಮೊಮ್ಮಗಳನ್ನೂ ಜೊತೆಗೆ ಕರೆದುಕೊಂಡು ಹೋದೆ. ರಜೆಯಲ್ಲೂ ಹತ್ತನೆಯವರಿಗೆ ಎರಡನೇ ಪರೀಕ್ಷೆಯ ಪಾಠ ನಡೆಯುತ್ತಿತ್ತು. ಕಟ್ಟಡ ಹಳೆಯದು, ಹಿಂದಿನ ಸಾಲಿನ ಎರಡು ಕೋಣೆಯ ಹೆಂಚು ಜರುಗಿವೆ, ಮಳೆಗಾಲದಲ್ಲಿ ಸೋರುವ ಗುರುತು ಗೋಡೆಯ ಮೇಲಿದೆ. “ಅಜ್ಜಾ, ಇಲ್ಲಿ ಫ್ಯಾನ್ ಇಲ್ಲ” ಎಂದು ಹುಡುಗಿ ಮೊದಲ ವರದಿ ಒಪ್ಪಿಸಿದಳು. ನಾನು ಅವಳಿಗೆ ಮೂರು ಕೆಲಸ ಕೊಟ್ಟಿದ್ದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ಚಿಲಕ ಇದೆಯೇ, ನೀರು ಬರುತ್ತದೆಯೇ ನೋಡಬೇಕು. ಗ್ರಂಥಾಲಯದ ಬೀರುವಿನಲ್ಲಿ ಪುಸ್ತಕದ ಮೇಲೆ ಧೂಳಿದೆಯೇ ಬೆರಳಿಟ್ಟು ನೋಡಬೇಕು. ಅಲ್ಲಿ ಓದುವ ಯಾವುದಾದರೂ ಹುಡುಗಿಯನ್ನು ಮಾತಾಡಿಸಿ, ಪಾಠ ತಿಳಿಯದಿದ್ದರೆ ಯಾರನ್ನು ಕೇಳುತ್ತೀಯ ಎಂದು ವಿಚಾರಿಸಬೇಕು.

ಹೆಡ್‌ಮಾಸ್ಟರು ನಾನು ಕೇಳಿದ ಲೆಕ್ಕಕ್ಕೆ ಮೊದಲು ಹುಬ್ಬು ಗಂಟಿಕ್ಕಿದರು. “ಇಷ್ಟು ವರ್ಷದಾಗೆ ಯಾರೂ ಇದನ್ನ ಕೇಳಿದ್ದಿಲ್ಲ ಸ್ವಾಮಿ” ಎಂದು ಎದ್ದು, ದಾಖಲಾತಿ ಪುಸ್ತಕ ತಂದರು. ಮೂರು ವರ್ಷದ ಕೆಳಗೆ ಎಂಟಕ್ಕೆ ಸೇರಿದವರ ಹೆಸರುಗಳ ಮೇಲೆ ನಾವಿಬ್ಬರೂ ಪೆನ್ಸಿಲ್ ಹಿಡಿದು ಕೂತೆವು. ನಡುವೆ ಬಿಟ್ಟವರು ನಾಲ್ಕು ಜನ. ನಾಲ್ವರಲ್ಲಿ ಒಬ್ಬೊಬ್ಬರೂ ಎಲ್ಲಿದ್ದಾರೆ ಎಂದು ಅವರಿಗೆ ಬಾಯಲ್ಲೇ ಗೊತ್ತಿತ್ತು. ಇಬ್ಬರ ಮನೆಯವರು ಕೆಲಸ ಹುಡುಕಿ ಬೆಂಗಳೂರಿಗೆ ಹೋಗಿದ್ದಾರೆ, ಒಬ್ಬ ಮೊರಾರ್ಜಿ ವಸತಿ ಶಾಲೆಗೆ ಸೇರಿದ್ದಾನೆ, ಒಬ್ಬ ಹುಡುಗಿಗೆ ಮನೆಯವರು ಶಾಲೆ ಬಿಡಿಸಿದರು. “ಆ ಹುಡುಗಿ ಮನೆಗೆ ಮೂರು ಸಲ ಹೋಗಿ ಬಂದೆ” ಎಂದು ಹೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು. ನನಗೆ ಆ ನಾಲ್ಕು ಉತ್ತರಗಳು ಬ್ಯಾನರಿಗಿಂತ ದೊಡ್ಡದಾಗಿ ಕಂಡವು.

ಸೇತುಬಂಧದ ಪುಸ್ತಕ ಕೇಳಿದೆ. ಮೂರು ಬಣ್ಣದ ಶಾಯಿ, ಹೊಡೆದು ತಿದ್ದಿದ ಅಂಕೆಗಳು, ಒಂದು ಕಡೆ ಟೀ ಚೆಲ್ಲಿದ ಕಲೆ. ನಿಜವಾದ ಪುಸ್ತಕ. ಒಂದು ಹೆಸರಿನ ಮುಂದೆ ‘ಭಾಗಾಕಾರ ಬರುವುದಿಲ್ಲ’ ಎಂದೂ ಅದರ ಕೆಳಗೆ ಆಗಸ್ಟ್ ತಿಂಗಳ ತಾರೀಖು ಹಾಕಿ ‘ಈಗ ಎರಡಂಕಿಯವರೆಗೆ’ ಎಂದೂ ಬರೆದಿತ್ತು. ಮಕ್ಕಳ ನೋಟ್‌ಬುಕ್ ತರಿಸಿ ಜೂನ್‌ನ ಪುಟ, ಫೆಬ್ರವರಿಯ ಪುಟ ಎರಡನ್ನೂ ನೋಡಿದೆ. ಕೆಂಪು ಶಾಯಿ ಬರೀ ಸರಿ ಗುರುತು ಹಾಕಿ ಹೋಗಿದೆಯೋ, ತಪ್ಪಿನ ಪಕ್ಕ ನಿಂತು ತಿದ್ದಿದೆಯೋ ಎಂಬುದರಲ್ಲಿ ಒಬ್ಬ ಮೇಷ್ಟ್ರ ಇಡೀ ವರ್ಷ ಕಾಣುತ್ತದೆ. ಕನ್ನಡ, ವಿಜ್ಞಾನದ ಪುಸ್ತಕಗಳಲ್ಲಿ ಚೆನ್ನಾಗಿ ತಿದ್ದಿದ್ದರು. ಗಣಿತದ ಪುಸ್ತಕ ನವೆಂಬರ್‌ವರೆಗೆ ಒಂದು ಕೈ, ಆಮೇಲೆ ಇನ್ನೊಂದು ಕೈ, ಜನವರಿಯಿಂದ ಖಾಲಿ ಖಾಲಿ.

ಕೇಳಿದಾಗ ಹೆಡ್‌ಮಾಸ್ಟರು ಮುಚ್ಚಿಡಲಿಲ್ಲ. ಗಣಿತದ ಮೇಷ್ಟ್ರು ನಿವೃತ್ತರಾದರು. ಅನುದಾನಿತ ಶಾಲೆಯಲ್ಲಿ ತೆರವಾದ ಜಾಗ ತುಂಬಲು ಸರ್ಕಾರದ ಅನುಮತಿ ಬೇಕು, ಅದು ಬೇಗ ಬರುವುದಲ್ಲ. ಅಲ್ಲಿಯವರೆಗೆ ಆಡಳಿತ ಮಂಡಳಿ ತನ್ನ ಕೈಯಿಂದ ಸಣ್ಣ ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಬೇಕು. ಹಾಗೆ ಬಂದ ಹುಡುಗ ಬೇರೆ ಕೆಲಸ ಸಿಕ್ಕಿತೆಂದು ಹೋದ. ರಾಜ್ಯದಲ್ಲಿ ಎಷ್ಟೋ ಅನುದಾನಿತ ಶಾಲೆಗಳ ಪಾಡು ಇದೇ. ಇದು ಸಣ್ಣ ಕೊರತೆಯಲ್ಲ. ಆರರಿಂದ ಎಂಟನೇ ತರಗತಿಯವರೆಗೆ ಗಣಿತ ವಿಜ್ಞಾನಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು, 35 ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಬೇಕು ಎಂದು ಅದೇ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ವರ್ಷಕ್ಕೆ 220 ದಿನ, 1,000 ಗಂಟೆ ಪಾಠ ನಡೆಯಬೇಕು ಎಂದೂ ಹೇಳುತ್ತದೆ. ಮೇಷ್ಟ್ರೇ ಇಲ್ಲದ ಪೀರಿಯಡ್ಡನ್ನು ಆ ಗಂಟೆಗೆ ಸೇರಿಸುವುದು ಯಾವ ನ್ಯಾಯ?

ಅಷ್ಟರಲ್ಲಿ ಮೊಮ್ಮಗಳು ಬಂದಳು. ಶೌಚಾಲಯಕ್ಕೆ ಚಿಲಕ ಇದೆ, ನೀರನ್ನು ಬಕೆಟ್‌ನಲ್ಲಿ ತರಬೇಕು. ಪುಸ್ತಕದ ಬೀರುವಿಗೆ ಬೀಗ, ಆದರೆ ಕೀಲಿ ಒಂಬತ್ತನೆಯ ಹುಡುಗಿಯೊಬ್ಬಳ ಹತ್ತಿರವೇ ಇರುತ್ತದಂತೆ. ಅವಳೇ ಶನಿವಾರ ಪುಸ್ತಕ ಕೊಡುವವಳು. “ಧೂಳು ಐತೆ ಅಜ್ಜ, ಮೇಲಿನ ಸಾಲಿನಾಗೆ. ಕೆಳಗಿನ ಸಾಲಿನಾಗೆ ಇಲ್ಲ.” ಮೂರನೆಯದಕ್ಕೆ ಆ ಹುಡುಗಿ ಕೊಟ್ಟ ಉತ್ತರ: “ವಿಜ್ಞಾನದ ಮಿಸ್ ಊಟದ ಟೈಮಿನಾಗೆ ಕೂತು ಹೇಳಿಕೊಡ್ತಾರೆ. ಬೈಯಲ್ಲ.”

ಮನೆಯಲ್ಲಿ ವರದಿ ಒಪ್ಪಿಸಿದೆ. ಮಗ ಎತ್ತಿದ ಪ್ರಶ್ನೆ ಹಗುರವಾದದ್ದಲ್ಲ. “ಅಪ್ಪಾಜಿ, ಹತ್ತರವರೆಗೆ ಕನ್ನಡದಾಗೆ ಓದಿದ್ರೆ ಪಿಯುಸಿ ಸೈನ್ಸಿನಾಗೆ ಹುಡುಗಿ ತಬ್ಬಿಬ್ಬಾಗ್ತಾಳೆ. ನಾನೇ ಆಗಿದ್ದೆ.” ಅವನು ಪಟ್ಟ ಪಾಡು ನನಗೆ ಗೊತ್ತು, ಮೊದಲ ಆರು ತಿಂಗಳು ಅವನು ರಾತ್ರಿ ನಿಘಂಟು ಹಿಡಿದು ಕೂರುತ್ತಿದ್ದ. ಅದನ್ನೇ ಹೆಡ್‌ಮಾಸ್ಟರಿಗೂ ಕೇಳಿದ್ದೆ. ಒಂಬತ್ತರಿಂದ ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಬೋರ್ಡಿನ ಮೇಲೆ ಬರೆಸುತ್ತೇವೆ ಎಂದಿದ್ದರು, ಮಕ್ಕಳ ನೋಟ್‌ಬುಕ್ಕಿನಲ್ಲೂ ಹಾಗೇ ಇತ್ತು. ಅದು ಸಾಕೇ? ಪೂರಾ ಸಾಕಾಗದು, ಉಳಿದದ್ದನ್ನು ಮನೆಯಲ್ಲಿ ಮಾಡಬೇಕು. ಆದರೆ ಪಟ್ಟಣದ ವ್ಯಾನು ಬೆಳಿಗ್ಗೆ ಏಳಕ್ಕೆ ಬಂದು ಸಂಜೆ ಆರಕ್ಕೆ ಬಿಡುತ್ತದೆ. ಮನೆಯಲ್ಲಿ ಮಾಡುವುದಕ್ಕೆ ಆ ಹುಡುಗಿಗೆ ಉಳಿಯುವ ಹೊತ್ತೆಷ್ಟು?

ಕೊನೆಗೆ ಹುಡುಗಿಯನ್ನೇ ಕೇಳಿದೆವು. ಪಟ್ಟಣದ ಶಾಲೆಯ ಬಣ್ಣದ ಹಾಳೆಯನ್ನೂ ಅವಳು ನೋಡಿದ್ದಳು, ಅದರಲ್ಲಿದ್ದ ಈಜುಕೊಳದ ಚಿತ್ರ ಅವಳಿಗೆ ಬಹಳ ಹಿಡಿಸಿತ್ತು. ಸ್ವಲ್ಪ ಹೊತ್ತು ಯೋಚಿಸಿ, “ಬೀರಿನ ಕೀಲಿ ಮುಂದಿನ ವರ್ಷ ನನಗೆ ಕೊಡ್ತಾರಾ?” ಎಂದಳು. ಸೊಸೆ ನಕ್ಕಳು. ಮಗ ಒಂದು ವರ್ಷ ನೋಡೋಣ ಎಂದು ಒಪ್ಪಿದ, ಗಣಿತದ ಮೇಷ್ಟ್ರು ಬರದಿದ್ದರೆ ಮಾತು ಬೇರೆ ಎಂಬ ಷರತ್ತಿನ ಮೇಲೆ. ಷರತ್ತು ನ್ಯಾಯವಾದದ್ದೇ.

ಶಾಲೆ ಶುರುವಾಗಿ ಮೂರು ವಾರವಾಯಿತು. ಸೇತುಬಂಧದ ಮೊದಲ ಪರೀಕ್ಷೆ ಮುಗಿದಿದೆ, ನಮ್ಮ ಹುಡುಗಿಗೆ ಭಿನ್ನರಾಶಿಯಲ್ಲಿ ಕೈ ಹಿಡಿಯುತ್ತದೆ ಎಂದು ತಿಳಿಯಿತು. ಗಣಿತದ ಜಾಗ ಇನ್ನೂ ಖಾಲಿ, ವಾರಕ್ಕೆ ಎರಡು ದಿನ ನಿವೃತ್ತ ಮೇಷ್ಟ್ರೇ ಬಂದು ಪಾಠ ಮಾಡಿ ಹೋಗುತ್ತಿದ್ದಾರೆ. ಅನುದಾನಿತ ಶಾಲೆಯಲ್ಲಿ ಪೋಷಕರ ಸಮಿತಿ ಸಲಹೆ ಕೊಡಬಹುದೇ ಹೊರತು ತೀರ್ಮಾನ ಮಾಡುವಂತಿಲ್ಲ ಎಂದು 2012ರ ತಿದ್ದುಪಡಿ ಹೇಳುತ್ತದೆ. ಅರ್ಜಿ ಕೊಡಬಾರದು ಎಂದು ಮಾತ್ರ ಎಲ್ಲಿಯೂ ಹೇಳಿಲ್ಲ. ಬರುವ ಸೋಮವಾರ ನಾವು ಹದಿಮೂರು ಮನೆಯವರು ಹರಿಹರದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗುತ್ತಿದ್ದೇವೆ. ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂದಿದೆ, ಸಹಿ ಹಾಕಿಸುವುದು ಸೊಸೆಯ ಪಾಲಿಗೆ. ಖಾಲಿ ಹೋದ ಗಣಿತದ ಪೀರಿಯಡ್‌ಗಳನ್ನು ದಿನದಿನವೂ ಎಣಿಸಿ ಕ್ಯಾಲೆಂಡರಿನ ಮೇಲೆ ಗುರುತು ಹಾಕುವ ಕೆಲಸ ಮೊಮ್ಮಗಳದು. ನಿನ್ನೆಗೆ ಹನ್ನೊಂದು.